ಬಿ ಫಾರಂ ಬರೆಯುವ ಕೈ: ಸೌತ್ ಕ್ಯಾರೊಲೈನಾ ಪ್ರೈಮರಿ ಬಗ್ಗೆ ಒಬ್ಬ ಕನ್ಸರ್ವೇಟಿವ್ ಮತದಾರನ ಮಾತು

(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಕರ್ನಾಟಕದಲ್ಲಿ ಚುನಾವಣೆ ಹತ್ತಿರ ಬಂತೆಂದರೆ ಮೊದಲು ಕೇಳಿಬರುವ ಮಾತು ‘ಟಿಕೆಟ್ ಯಾರಿಗಂತೆ?’ ಎಂಬುದು. ಆಕಾಂಕ್ಷಿಗಳು ಬೆಂಗಳೂರಿಗೆ ಓಡುತ್ತಾರೆ, ಅಲ್ಲಿಂದ ದೆಹಲಿಗೆ ಓಡುತ್ತಾರೆ, ಹೈಕಮಾಂಡ್ ಪಟ್ಟಿ ಬಿಡುತ್ತದೆ, ಕೊನೆಗೆ ಯಾರದೋ ಕೈಗೆ ಬಿ ಫಾರಂ ಸೇರುತ್ತದೆ. ಪಕ್ಷಕ್ಕೆ ಮತ ಹಾಕುವ ಸಾಮಾನ್ಯ ಮನುಷ್ಯನನ್ನು ಆ ವಿಚಾರದಲ್ಲಿ ಯಾರೂ ಕೇಳುವುದಿಲ್ಲ. 2014ರ ಲೋಕಸಭಾ ಚುನಾವಣೆಗೆ ಮುನ್ನ ಕಾಂಗ್ರೆಸ್ ಪಕ್ಷ ಪ್ರಯೋಗಕ್ಕೆಂದು ದೇಶದ ಕೆಲವೇ ಕ್ಷೇತ್ರಗಳಲ್ಲಿ ಪ್ರೈಮರಿ, ಅಂದರೆ ಅಭ್ಯರ್ಥಿಯನ್ನು ಆರಿಸಲು ಪಕ್ಷದೊಳಗಿನ ಮತದಾನ, ನಡೆಸಿತು. ಬೆಂಗಳೂರು ಉತ್ತರ, ದಕ್ಷಿಣ ಕನ್ನಡ ಎರಡೂ ಅದರಲ್ಲಿದ್ದವು. ಒಂದು ಕಡೆ ಸಿ. ನಾರಾಯಣಸ್ವಾಮಿ, ಇನ್ನೊಂದು ಕಡೆ ಜನಾರ್ದನ ಪೂಜಾರಿ ಗೆದ್ದರು. ಆದರೆ ಮತ ಹಾಕಿದ್ದು ಪಕ್ಷದ ಪದಾಧಿಕಾರಿಗಳಂಥವರು ಮಾತ್ರ. ಇಬ್ಬರೂ ಮುಖ್ಯ ಚುನಾವಣೆಯಲ್ಲಿ ಸೋತರು, ಪ್ರಯೋಗವೂ ಅಲ್ಲಿಗೇ ನಿಂತಿತು.

ಅಮೆರಿಕದಲ್ಲಿ ಆ ಬಿ ಫಾರಂ ಬರೆಯುವುದು ಮತದಾರ. ಹೇಗೆ ಬರೆಯುತ್ತಾನೆ, ಎಲ್ಲಿ ತಪ್ಪುತ್ತದೆ ಎಂಬುದನ್ನು ಒಂದೇ ರಾಜ್ಯದ, ಒಂದೇ ಪಕ್ಷದ ಉದಾಹರಣೆಯಲ್ಲಿ ನೋಡೋಣ: ಸೌತ್ ಕ್ಯಾರೊಲೈನಾದ ರಿಪಬ್ಲಿಕನ್ ಅಧ್ಯಕ್ಷೀಯ ಪ್ರೈಮರಿ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಕನ್ಸರ್ವೇಟಿವ್ ಮತದಾರ. ಸರ್ಕಾರ ಚಿಕ್ಕದಿರಬೇಕು, ತೆರಿಗೆಯ ಜೊತೆಗೆ ಖರ್ಚೂ ಇಳಿಯಬೇಕು, ನ್ಯಾಯಾಧೀಶರು ಸಂವಿಧಾನವನ್ನು ಬರೆದಂತೆ ಓದಬೇಕು, ರಾಜ್ಯದ ಕೆಲಸಕ್ಕೆ ವಾಷಿಂಗ್ಟನ್ ಕೈ ಹಾಕಬಾರದು, ಗರ್ಭದಲ್ಲಿರುವ ಮಗುವಿಗೂ ಕಾನೂನಿನ ರಕ್ಷಣೆ ಬೇಕು ಎಂದು ನಂಬುವವನು. ಇದನ್ನು ಒಪ್ಪದವರೂ ಈ ಸಭೆಯಲ್ಲಿದ್ದೀರಿ. ನಿಮ್ಮ ಪಕ್ಷ ಯಾವುದಾದರೂ ಮುಂದಿನ ಲೆಕ್ಕಾಚಾರ ನಿಮಗೂ ಅನ್ವಯಿಸುತ್ತದೆ.

ನನ್ನ ವಾದ ಇಷ್ಟು: ಬಿದ್ದ ಮತವನ್ನು ಎಣಿಸುವ ಕೆಲಸವನ್ನು ಈ ರಾಜ್ಯ ಚೆನ್ನಾಗಿ ಮಾಡುತ್ತದೆ. ಯಾರು ಹಾಕಬೇಕು, ಯಾವತ್ತು ಹಾಕಬೇಕು, ಹಾಕಿದ ಮತ ಡೆಲಿಗೇಟ್ (ಅಭ್ಯರ್ಥಿಯನ್ನು ಆರಿಸುವ ಪಕ್ಷದ ರಾಷ್ಟ್ರೀಯ ಸಮಾವೇಶದ ಪ್ರತಿನಿಧಿ) ಆಗುವುದು ಹೇಗೆ ಎಂಬ ಮೂರರಲ್ಲಿ ಎಡವುತ್ತದೆ. ಅಭ್ಯರ್ಥಿಗಳ ಬಗ್ಗೆ ನಾವು ವರ್ಷಗಟ್ಟಲೆ ಜಗಳಾಡುತ್ತೇವೆ, ಈ ಮೂರರ ಬಗ್ಗೆ ಬಾಯಿ ಬಿಡುವುದಿಲ್ಲ.

ಈ ಪ್ರೈಮರಿ ಶುರುವಾದದ್ದು 1980ರಲ್ಲಿ. ಫ್ಲಾರಿಡಾ, ಜಾರ್ಜಿಯಾ, ಅಲಬಾಮಾ ಮಾರ್ಚ್ 11ರ ಮಂಗಳವಾರ ಮತ ಹಾಕುವುದಿತ್ತು. ಅದಕ್ಕೆ ಮೂರು ದಿನ ಮೊದಲು, ಮಾರ್ಚ್ 8ರ ಶನಿವಾರ, ಸೌತ್ ಕ್ಯಾರೊಲೈನಾ ಮತ ಹಾಕಿತು. ದಕ್ಷಿಣದಲ್ಲಿ ಮೊದಲು ಬಂದವನ ಮಾತಿಗೆ ತೂಕ ಹೆಚ್ಚು ಎಂಬ ಲೆಕ್ಕ ಅದರ ಹಿಂದಿತ್ತು, ಆ ಲೆಕ್ಕ ಹಾಕಿದವರಲ್ಲಿ ರಿಪಬ್ಲಿಕನ್ ಚುನಾವಣಾ ತಂತ್ರಗಾರ ಲೀ ಆಟ್‌ವಾಟರ್ ಪ್ರಮುಖರು. ಲೆಕ್ಕ ಸರಿಯಾಯಿತು. ರೊನಾಲ್ಡ್ ರೇಗನ್ ಅರ್ಧಕ್ಕಿಂತ ಹೆಚ್ಚು ಮತ ಪಡೆದರು, ಇಲ್ಲೇ ಎಲ್ಲವನ್ನೂ ಪಣಕ್ಕಿಟ್ಟಿದ್ದ ಟೆಕ್ಸಸ್‌ನ ಜಾನ್ ಕಾನಲಿ ಕಣದಿಂದ ಹೊರಬಿದ್ದರು. ಅಲ್ಲಿಂದ 2008ರವರೆಗೆ ಇಲ್ಲಿ ಗೆದ್ದವರೇ ಪ್ರತಿ ಸಲವೂ ಪಕ್ಷದ ಅಭ್ಯರ್ಥಿಯಾದರು. 2012ರಲ್ಲಿ ನ್ಯೂಟ್ ಗಿಂಗ್ರಿಚ್ ಗೆದ್ದಾಗ ಮಾತ್ರ ಆ ಸರಣಿ ಮುರಿಯಿತು. 2000ದವರೆಗೆ ಪಕ್ಷವೇ ಸ್ವಯಂಸೇವಕರನ್ನು ಕೂರಿಸಿ ಮತಗಟ್ಟೆ ನಡೆಸುತ್ತಿತ್ತು. 2008ರಿಂದ ರಾಜ್ಯ ಚುನಾವಣಾ ಆಯೋಗ ನಡೆಸುತ್ತಿದೆ.

ಪಕ್ಷದ ಮನೆಕೆಲಸವನ್ನು ಸರ್ಕಾರ ಯಾಕೆ ಮಾಡಬೇಕು ಎಂದು ಕನ್ಸರ್ವೇಟಿವ್ ಗೆಳೆಯರೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೂ ಈ ಒಂದು ವಿಷಯದಲ್ಲಿ ನಾನು ಆಯೋಗದ ಪರ. 46 ಕೌಂಟಿಗಳಲ್ಲೂ (ನಮ್ಮ ಜಿಲ್ಲೆಗಳಂಥವು) ಒಂದೇ ಯಂತ್ರ, ಒಂದೇ ಮತದಾರರ ಪಟ್ಟಿ, ಒಂದೇ ನಿಯಮ ಇರುವುದು ಸಣ್ಣ ಸಂಗತಿಯಲ್ಲ. ಸ್ಪರ್ಧಿಸುವವರಿಂದ ಪಕ್ಷ ತಲಾ 20,000 ಡಾಲರ್‌ವರೆಗೆ ಶುಲ್ಕ ಪಡೆದು ಆಯೋಗಕ್ಕೆ ಕೊಡಬೇಕು ಎಂದು ಕಾನೂನಿನಲ್ಲೇ ಇದೆ. ನಮ್ಮಲ್ಲಿಯ ಠೇವಣಿಯ ಹಾಗೆ ಆರನೇ ಒಂದು ಭಾಗ ಮತ ಬಂದರೆ ವಾಪಸ್ ಎಂಬುದು ಇಲ್ಲಿಲ್ಲ. ಕಟ್ಟಿದ್ದು ಕಟ್ಟಿದ್ದೇ. ಉಳಿದ ಖರ್ಚು ತೆರಿಗೆದಾರರ ಹೆಗಲಿಗೆ ಬೀಳುತ್ತದೆ. ಆ ಹೊರೆಯನ್ನು ಅರ್ಧ ಮಾಡುವ ದಾರಿಯೊಂದಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮತಗಟ್ಟೆಯೊಳಗೆ ಏನಾಗುತ್ತದೆ ನೋಡಿ. ಬೆಳಿಗ್ಗೆ 7ರಿಂದ ಸಂಜೆ 7. ಏಳು ಗಂಟೆಗೆ ಸಾಲಿನಲ್ಲಿ ನಿಂತಿದ್ದವರೆಲ್ಲರಿಗೂ ಮತ ಹಾಕಲು ಬಿಡಬೇಕು. ಫೋಟೊ ಇರುವ ಗುರುತಿನ ಚೀಟಿ ಕಡ್ಡಾಯ: ರಾಜ್ಯದ ಡ್ರೈವಿಂಗ್ ಲೈಸೆನ್ಸ್ ಅಥವಾ ಮೋಟಾರು ವಾಹನ ಇಲಾಖೆಯ ಗುರುತಿನ ಚೀಟಿ, ಅಮೆರಿಕದ ಪಾಸ್‌ಪೋರ್ಟ್, ಸೇನೆಯ ಗುರುತಿನ ಚೀಟಿ, ಫೋಟೊ ಇರುವ ಮತದಾರರ ಚೀಟಿ ಇಂಥವು ನಡೆಯುತ್ತವೆ. ಚೀಟಿ ಮರೆತು ಬಂದವರು ತಾತ್ಕಾಲಿಕ ಮತ ಹಾಕಬಹುದು, ಆದರೆ ಫಲಿತಾಂಶ ದೃಢೀಕರಿಸುವ ಮುನ್ನ ಕೌಂಟಿ ಕಚೇರಿಗೆ ಹೋಗಿ ಚೀಟಿ ತೋರಿಸದಿದ್ದರೆ ಆ ಮತ ಎಣಿಕೆಗೆ ಬರುವುದಿಲ್ಲ. ತೋರಿಸುವ ಕೆಲಸವನ್ನು ಮರೆಯುವವರೇ ಹೆಚ್ಚು ನಷ್ಟ ಮಾಡಿಕೊಳ್ಳುವುದು.

2019ರಿಂದ ಇರುವ ಯಂತ್ರದಲ್ಲಿ ಮೊದಲು ಖಾಲಿ ಕಾಗದದ ಉದ್ದನೆಯ ಕಾರ್ಡನ್ನು ತೂರಿಸಬೇಕು. ಪರದೆಯ ಮೇಲೆ ಹೆಸರು ಮುಟ್ಟಿದರೆ ಯಂತ್ರ ಅದೇ ಕಾರ್ಡಿನ ಮೇಲೆ ನಿಮ್ಮ ಆಯ್ಕೆಯನ್ನು ಅಕ್ಷರದಲ್ಲೂ ಬಾರ್‌ಕೋಡಿನಲ್ಲೂ ಮುದ್ರಿಸಿ ವಾಪಸ್ ಕೊಡುತ್ತದೆ. ಅದನ್ನು ನೀವೇ ಒಯ್ದು ಸ್ಕ್ಯಾನರಿಗೆ ಹಾಕಬೇಕು. ಅದು ಓದಿ ಕೆಳಗಿನ ಪೆಟ್ಟಿಗೆಗೆ ಬೀಳಿಸುತ್ತದೆ. ಭಾರತದ ವಿವಿಪ್ಯಾಟ್ ಚೀಟಿ ಗಾಜಿನ ಹಿಂದೆ 7 ಸೆಕೆಂಡು ಕಾಣಿಸಿ ಬೀಳುತ್ತದೆ, ಇಲ್ಲಿ ಚೀಟಿ ನಿಮ್ಮ ಕೈಯಲ್ಲೇ ಇರುತ್ತದೆ. ಎಷ್ಟು ಹೊತ್ತು ಬೇಕಾದರೂ ಓದಬಹುದು. ತೊಂದರೆ ಇರುವುದು ಓದದೇ ಇರುವುದರಲ್ಲಿ. ಹೆಚ್ಚಿನವರು ಕಾರ್ಡನ್ನು ನೋಡದೆ ಸ್ಕ್ಯಾನರಿಗೆ ಹಾಕುತ್ತಾರೆ. ಸ್ಕ್ಯಾನರು ಓದುವುದು ಬಾರ್‌ಕೋಡನ್ನು, ಮನುಷ್ಯ ಓದಬಲ್ಲದ್ದು ಅಕ್ಷರವನ್ನು. ಎರಡೂ ಒಂದೇ ಹೇಳುತ್ತಿವೆಯೇ ಎಂದು ತಿಳಿಯಲು ಆಮೇಲೆ ಕೆಲವು ಪೆಟ್ಟಿಗೆಗಳ ಕಾಗದವನ್ನು ಕೈಯಲ್ಲಿ ಎಣಿಸಿ ತಾಳೆ ನೋಡಬೇಕು. ನೀವು ಓದದೆ ಹಾಕಿದ ತಪ್ಪು ಹೆಸರನ್ನು ಆ ತಾಳೆಯೂ ಹಿಡಿಯಲಾರದು. ಚುನಾವಣೆಯ ಶುದ್ಧಿಯ ಬಗ್ಗೆ ಗಟ್ಟಿಯಾಗಿ ಮಾತನಾಡುವ ನಮ್ಮಂಥವರು ಮೊದಲು ಆ ಕಾರ್ಡನ್ನು ಹತ್ತು ಸೆಕೆಂಡು ಹಿಡಿದು ಓದಬೇಕು.

ಎಣಿಕೆಯ ಬಗ್ಗೆ ಇಷ್ಟು ಸಾಕು. ನಿಜವಾದ ತೊಡಕು ಬಾಗಿಲಲ್ಲಿದೆ.

ಸೌತ್ ಕ್ಯಾರೊಲೈನಾದಲ್ಲಿ ಮತದಾರರಾಗಿ ಹೆಸರು ನೋಂದಾಯಿಸುವಾಗ ಪಕ್ಷ ಯಾವುದೆಂದು ಕೇಳುವುದಿಲ್ಲ. ಅರ್ಜಿಯಲ್ಲಿ ಆ ಅಂಕಣವೇ ಇಲ್ಲ. ಹಾಗಾಗಿ ರಾಜ್ಯದ ಯಾವುದೇ ನೋಂದಾಯಿತ ಮತದಾರ ರಿಪಬ್ಲಿಕನ್ ಪ್ರೈಮರಿಯಲ್ಲಿ ಮತ ಹಾಕಬಹುದು. ಇರುವುದು ಒಂದೇ ಕಟ್ಟು: ಒಂದು ಪಕ್ಷದ ಪ್ರೈಮರಿಯಲ್ಲಿ ಮತ ಹಾಕಿದವರು ಇನ್ನೊಂದರಲ್ಲಿ ಹಾಕುವಂತಿಲ್ಲ. ಇದನ್ನೇ ಓಪನ್ ಪ್ರೈಮರಿ ಎನ್ನುತ್ತಾರೆ.

2024ರ ಅಂಕಿಗಳನ್ನು ಎದುರಿಗಿಟ್ಟುಕೊಳ್ಳಿ. ಡೆಮಾಕ್ರಟಿಕ್ ಪ್ರೈಮರಿ ಫೆಬ್ರುವರಿ 3ಕ್ಕೆ ನಡೆಯಿತು. ಬೈಡನ್ ಗೆಲುವು ಮೊದಲೇ ಗೊತ್ತಿದ್ದುದರಿಂದ ಬಂದವರು ಸುಮಾರು 1 ಲಕ್ಷ 31 ಸಾವಿರ. ರಿಪಬ್ಲಿಕನ್ ಪ್ರೈಮರಿ ಮೂರು ವಾರದ ನಂತರ, ಫೆಬ್ರುವರಿ 24ಕ್ಕೆ. ಬಂದವರು ಸುಮಾರು 7 ಲಕ್ಷ 57 ಸಾವಿರ. ಟ್ರಂಪ್‌ಗೆ 4 ಲಕ್ಷ 52 ಸಾವಿರದ ಹತ್ತಿರ, ನಿಕ್ಕಿ ಹೇಲಿಗೆ 2 ಲಕ್ಷ 99 ಸಾವಿರ. ಹೇಲಿ ಅವರ ಮತವೆಲ್ಲ ಡೆಮಾಕ್ರಟರದ್ದು ಎಂದು ನಮ್ಮವರು ಹೇಳಿ ಕೈ ತೊಳೆದುಕೊಂಡರು. ಅದು ಸರಿಯಲ್ಲ. ಆರು ವರ್ಷ ಈ ರಾಜ್ಯವನ್ನು ಆಳಿದ ಗವರ್ನರ್ ಅವರು. 2016ರಲ್ಲಿ 20 ವಾರದ ನಂತರದ ಗರ್ಭಪಾತ ತಡೆಯುವ ಕಾನೂನಿಗೆ ಸಹಿ ಹಾಕಿದ್ದು ಅವರೇ. ಅವರಿಗೆ ಮತ ಹಾಕಿದ ಕನ್ಸರ್ವೇಟಿವರು ಸಾವಿರಾರು. ಆದರೆ ಇನ್ನೊಂದು ಅಂಕಿಯನ್ನೂ ನೋಡಿ: 2020ರ ಮುಖ್ಯ ಚುನಾವಣೆಯಲ್ಲಿ ಇದೇ ರಾಜ್ಯದಲ್ಲಿ ಬೈಡನ್‌ಗೆ ಬಿದ್ದದ್ದು ಸುಮಾರು 10 ಲಕ್ಷ 91 ಸಾವಿರ ಮತ. ಅಂದರೆ ಫೆಬ್ರುವರಿ 3ಕ್ಕೆ ಮನೆಯಲ್ಲೇ ಉಳಿದ ಲಕ್ಷಗಟ್ಟಲೆ ಡೆಮಾಕ್ರಟರಿಗೆ ನಮ್ಮ ಬಾಗಿಲು 24ರಂದು ತೆರೆದೇ ಇತ್ತು. ಬಂದವರೆಷ್ಟು ಎಂಬುದು ಬೇರೆ ಮಾತು, ಬರಬಹುದಾಗಿದ್ದವರೆಷ್ಟು ಎಂಬುದು ನನ್ನ ಚಿಂತೆ.

2024ರಲ್ಲಿ ಅಂತರ ಒಂದೂವರೆ ಲಕ್ಷ, ಹಾಗಾಗಿ ಫಲಿತಾಂಶ ಅಲುಗಲಿಲ್ಲ. 2008ರಲ್ಲಿ ಮೆಕೇನ್ ಹಕಬೀ ಅವರನ್ನು ಸೋಲಿಸಿದ್ದು ಸುಮಾರು 15 ಸಾವಿರ ಮತಗಳಿಂದ. ಅಂಥ ವರ್ಷದಲ್ಲಿ ಆಚೆಯಿಂದ ಬಂದ ಸಣ್ಣ ಗುಂಪೂ ಬಿ ಫಾರಂ ಬದಲಿಸಬಲ್ಲದು. ಆದರೆ 2008ರಲ್ಲಿ ಡೆಮಾಕ್ರಟರಿಗೆ ಅವರದೇ ಒಬಾಮಾ–ಕ್ಲಿಂಟನ್ ಜಟಾಪಟಿ ಇತ್ತು, ಇತ್ತ ಬರುವ ಪುರುಸೊತ್ತು ಇರಲಿಲ್ಲ. ಆಚೆಯ ಮನೆ ಖಾಲಿ ಕೂತಾಗಲೇ ಅಪಾಯ. 2012, 2024 ಅಂಥ ವರ್ಷಗಳು. 2000ದಲ್ಲೂ ಮೆಕೇನ್ ನೆಚ್ಚಿಕೊಂಡದ್ದು ಪಕ್ಷೇತರರನ್ನು, ಡೆಮಾಕ್ರಟರನ್ನು. ಪಕ್ಷದ ಸ್ವಂತ ಮತದಾರರು ದೊಡ್ಡ ಸಂಖ್ಯೆಯಲ್ಲಿ ಜಾರ್ಜ್ ಡಬ್ಲ್ಯು. ಬುಷ್ ಪರ ನಿಂತದ್ದರಿಂದ ಬುಷ್ 53ಕ್ಕೆ 42ರಲ್ಲಿ ಗೆದ್ದರು. ಆ ಚುನಾವಣೆಯಲ್ಲಿ ಮೆಕೇನ್ ದಂಪತಿ ಬಾಂಗ್ಲಾದೇಶದಿಂದ ದತ್ತು ತಂದ ಮಗಳ ಬಗ್ಗೆ ಹಬ್ಬಿಸಿದ ಹೊಲಸು ಸುಳ್ಳು ನಮ್ಮ ಪಕ್ಷದ ಮೈಮೇಲಿನ ಕಲೆ. ಕುಟುಂಬದ ಮೌಲ್ಯ ಎನ್ನುವವರು ಅದನ್ನು ಮರೆಯಬಾರದು.

ಇದೇ ಬಾಗಿಲು ಆ ಕಡೆಗೂ ತೆರೆಯುತ್ತದೆ. 2020ರಲ್ಲಿ ನಮ್ಮ ಪ್ರೈಮರಿ ಇರಲಿಲ್ಲ. ಆಗ ಕೆಲವು ರಿಪಬ್ಲಿಕನ್ ಕಾರ್ಯಕರ್ತರು, ಡೆಮಾಕ್ರಟಿಕ್ ಪ್ರೈಮರಿಗೆ ಹೋಗಿ ಬರ್ನಿ ಸ್ಯಾಂಡರ್ಸ್‌ಗೆ ಮತ ಹಾಕಿ, ಅವರ ಪಕ್ಷ ಗೊಂದಲಕ್ಕೆ ಬೀಳಲಿ ಎಂದು ಕರೆ ಕೊಟ್ಟರು. ನನ್ನ ಮಟ್ಟಿಗೆ ಇದು ತಪ್ಪು. ಪಕ್ಕದ ಮನೆಯ ಅಡುಗೆಗೆ ಹೋಗಿ ಉಪ್ಪು ಸುರಿಯುವುದು ಯಾವ ಪಕ್ಷ ಮಾಡಿದರೂ ತಪ್ಪೇ.

ಪರಿಹಾರ ಎರಡು ಹಂತದಲ್ಲಿದೆ. ಸುಲಭದ್ದು ಮೊದಲು: ಎರಡೂ ಪಕ್ಷದ ಪ್ರೈಮರಿ ಒಂದೇ ದಿನ ನಡೆಯಲಿ. ಈಗ ದಿನ ಗೊತ್ತು ಮಾಡುವುದು ಆಯಾ ಪಕ್ಷ. ಒಂದೇ ದಿನವಾದರೆ ಎರಡರಲ್ಲಿ ಒಂದನ್ನು ಆರಿಸಲೇಬೇಕು. ಮೊದಲನೆಯದು ಮುಗಿಯಲಿ, ಆಮೇಲೆ ನೋಡೋಣ ಎನ್ನುವ ಆಟ ನಿಲ್ಲುತ್ತದೆ. ಜೊತೆಗೆ ಅದೇ ಮತಗಟ್ಟೆ, ಅದೇ ಸಿಬ್ಬಂದಿಯನ್ನು ಎರಡು ಸಲ ಕೂರಿಸುವ ಖರ್ಚು ಉಳಿಯುತ್ತದೆ. ನಾನಾಗಲೇ ಹೇಳಿದ ಹೊರೆ ಇಳಿಸುವ ದಾರಿ ಇದೇ. ಮಾಡದೇ ಇರುವುದಕ್ಕೆ ಕಾರಣವೂ ಇದೆ. ಎರಡೂ ಪಕ್ಷಗಳ ರಾಷ್ಟ್ರೀಯ ಸಮಿತಿಗಳು ಬೇರೆ ಬೇರೆ ಪಂಚಾಂಗ ಹಾಕುತ್ತವೆ. ಅದನ್ನು ಮೀರಿ ಮುಂಚೆ ಹೋದ ರಾಜ್ಯಕ್ಕೆ ಶಿಕ್ಷೆ ಉಂಟು. ಸೌತ್ ಕ್ಯಾರೊಲೈನಾವೇ 2008ರಲ್ಲಿ, ಮತ್ತೆ 2012ರಲ್ಲಿ ಜನವರಿಗೆ ಓಡಿ ತನ್ನ ಅರ್ಧದಷ್ಟು ಡೆಲಿಗೇಟ್‌ಗಳನ್ನು ಕಳೆದುಕೊಂಡಿತು. ಎರಡೂ ಪಕ್ಷದವರು ಒಂದು ವರ್ಷ ಮೊದಲೇ ಕೂತು ಮಾತಾಡಿದರೆ ಆಗದ ಕೆಲಸವೇನಲ್ಲ.

ಎರಡನೆಯದು ಕಷ್ಟದ್ದು: ನೋಂದಣಿಯಲ್ಲೇ ಪಕ್ಷ ಬರೆಸುವುದು. 2018ರ ಜೂನ್ ಪ್ರೈಮರಿಯಲ್ಲಿ ರಿಪಬ್ಲಿಕನ್ ಮತದಾರರ ಮುಂದೆ ಸಲಹೆಗಾಗಿ ಈ ಪ್ರಶ್ನೆ ಇಟ್ಟಾಗ ಶೇ 80ಕ್ಕೂ ಹೆಚ್ಚು ಜನ ಹೌದು ಎಂದರು. ನಾನೂ ಪರ, ಆದರೆ ಕಣ್ಣು ಮುಚ್ಚಿಕೊಂಡಲ್ಲ. ನ್ಯೂಯಾರ್ಕ್‌ನಲ್ಲಿ ಏನಾಯಿತು ಗೊತ್ತೇ? 2016ರ ಏಪ್ರಿಲ್ 19ರ ಪ್ರೈಮರಿಗೆ ಪಕ್ಷ ಬದಲಿಸಿಕೊಳ್ಳಲು ಕೊನೆಯ ದಿನ ಹಿಂದಿನ ವರ್ಷದ ಅಕ್ಟೋಬರ್ 9. ಟ್ರಂಪ್ ಅವರ ಮಕ್ಕಳಾದ ಇವಾಂಕಾ, ಎರಿಕ್ ಇಬ್ಬರಿಗೂ ಆ ದಿನ ತಪ್ಪಿಹೋಗಿ ತಂದೆಗೇ ಮತ ಹಾಕಲಾಗಲಿಲ್ಲ. ಅಂಥ ಬೇಲಿ ಹಾಕಿದರೆ ಕಳ್ಳ ಹೊರಗುಳಿಯುವ ಮುನ್ನ ಮನೆಯವರೇ ಹೊರಗುಳಿಯುತ್ತಾರೆ. ಸೌತ್ ಕ್ಯಾರೊಲೈನಾದಲ್ಲಿ ಫೋರ್ಟ್ ಜಾಕ್ಸನ್, ಪ್ಯಾರಿಸ್ ಐಲೆಂಡ್, ಶಾ ವಾಯುನೆಲೆ ಇವೆ. ಸೈನಿಕ ಕುಟುಂಬಗಳು ವರ್ಷ ವರ್ಷ ಬಂದು ಹೋಗುತ್ತಿರುತ್ತವೆ. ಹೆಸರು ನೋಂದಣಿಗೆ ಈಗಿರುವ 30 ದಿನದ ಗಡುವೇ ಪಕ್ಷ ಬರೆಸುವುದಕ್ಕೂ ಇರಲಿ. ಯಾವ ಪಕ್ಷವನ್ನೂ ಬರೆಸದವರಿಗೆ ನ್ಯೂ ಹ್ಯಾಂಪ್‌ಷೈರ್ ಮಾದರಿಯಲ್ಲಿ ಎರಡರಲ್ಲೊಂದು ಆರಿಸುವ ಅವಕಾಶ ಇರಲಿ. ಇನ್ನೊಂದು ಪಕ್ಷವೆಂದು ಬರೆಸಿದವರಿಗೆ ಮಾತ್ರ ಬಾಗಿಲು ಮುಚ್ಚಲಿ. ಪಕ್ಷೇತರರನ್ನು ಫೆಬ್ರುವರಿಯಲ್ಲಿ ಹೊರಗೆ ನಿಲ್ಲಿಸಿ ನವೆಂಬರ್‌ನಲ್ಲಿ ಮತ ಕೇಳುವುದು ಬುದ್ಧಿವಂತಿಕೆಯಲ್ಲ.

ಈಗ ಡೆಲಿಗೇಟ್ ಲೆಕ್ಕ. ಇದೊಂದು ಅರ್ಥವಾದರೆ ಪ್ರೈಮರಿ ಅರ್ಥವಾದಂತೆ.

ರಾಜ್ಯಕ್ಕೆ 50 ಡೆಲಿಗೇಟ್‌ಗಳು. ಅದರಲ್ಲಿ 29 ಇಡೀ ರಾಜ್ಯದ ಲೆಕ್ಕಕ್ಕೆ. ಉಳಿದ 21, ಏಳು ಕಾಂಗ್ರೆಸ್ (ಅಮೆರಿಕದ ಸಂಸತ್ತು) ಕ್ಷೇತ್ರಗಳಿಗೆ ತಲಾ 3. ರಾಜ್ಯದಲ್ಲಿ ಒಂದೇ ಮತ ಹೆಚ್ಚು ಬಂದರೂ 29 ಪೂರ್ತಿ ಅವರಿಗೆ. ಕ್ಷೇತ್ರದಲ್ಲಿ ಒಂದೇ ಮತ ಹೆಚ್ಚು ಬಂದರೂ 3 ಪೂರ್ತಿ ಅವರಿಗೆ. ಅರ್ಧಕ್ಕಿಂತ ಹೆಚ್ಚು ಮತ ಬೇಕೆಂಬ ನಿಯಮವಿಲ್ಲ. 2016ರಲ್ಲಿ ಟ್ರಂಪ್‌ಗೆ ಶೇ 32.5, ರುಬಿಯೊಗೆ 22.5, ಕ್ರೂಜ್‌ಗೆ 22.3. ಏಳೂ ಕ್ಷೇತ್ರಗಳಲ್ಲಿ ಟ್ರಂಪ್ ಮೊದಲಿಗರಾದರು. ಮೂರರಲ್ಲಿ ಒಂದು ಪಾಲಿಗೂ ಕಡಿಮೆ ಮತ, ಐವತ್ತಕ್ಕೆ ಐವತ್ತು ಡೆಲಿಗೇಟ್. ರುಬಿಯೊ, ಕ್ರೂಜ್ ಇಬ್ಬರದೂ ಸೇರಿ ಶೇ 44.8, ಸಿಕ್ಕಿದ್ದು ಸೊನ್ನೆ.

ನಾನಿದನ್ನು ಟ್ರಂಪ್ ಮೇಲಿನ ದೂರಾಗಿ ಹೇಳುತ್ತಿಲ್ಲ. ನಿಯಮ ಇದ್ದಂತೆ ಆಡಿ ಗೆದ್ದರು. 2012ರಲ್ಲಿ ಇದೇ ನಿಯಮದಿಂದ ಗಿಂಗ್ರಿಚ್ ಶೇ 40 ಮತಕ್ಕೆ, ಶಿಕ್ಷೆಯ ನಂತರ ಉಳಿದಿದ್ದ 25ರಲ್ಲಿ 23 ಡೆಲಿಗೇಟ್ ಪಡೆದರು, ಶೇ 28 ಪಡೆದ ರೋಮ್ನಿಗೆ 2. 2008ರಲ್ಲಿ ಹಕಬೀ ಶೇ 30, ಥಾಂಪ್ಸನ್ ಶೇ 16. ಧಾರ್ಮಿಕ ಕನ್ಸರ್ವೇಟಿವ್ ಮತ ಇಬ್ಬರಲ್ಲಿ ಹರಿದು ಹಂಚಿಹೋಗಿ ಶೇ 33 ಪಡೆದ ಮೆಕೇನ್ ದಡ ಸೇರಿದರು. ಮೂರು ಸಲವೂ ನೋವು ತಿಂದದ್ದು ಬೇರೆ ಬೇರೆ ಬಣ. ಅದಕ್ಕೇ ಹೇಳುವುದು, ಇದು ವ್ಯಕ್ತಿಯ ಪ್ರಶ್ನೆಯಲ್ಲ.

ರಾಷ್ಟ್ರೀಯ ಸಮಿತಿಯ ನಿಯಮದಲ್ಲೇ ಮದ್ದಿದೆ. ಮಾರ್ಚ್ 15ಕ್ಕೆ ಮುಂಚೆ ನಡೆಯುವ ಪ್ರೈಮರಿಗಳು ಡೆಲಿಗೇಟ್‌ಗಳನ್ನು ಮತದ ಪ್ರಮಾಣದಲ್ಲಿ ಹಂಚಬೇಕು. ಅಯೋವಾ, ನ್ಯೂ ಹ್ಯಾಂಪ್‌ಷೈರ್, ನೆವಾಡಾ, ಸೌತ್ ಕ್ಯಾರೊಲೈನಾ ನಾಲ್ಕಕ್ಕೆ ಮಾತ್ರ ವಿನಾಯಿತಿ. ಉಳಿದ ರಾಜ್ಯಗಳಿಗೆ ಎರಡು ಅನುಕೂಲ ಕೊಟ್ಟಿದ್ದಾರೆ: ಶೇ 20ರವರೆಗೆ ಕನಿಷ್ಠ ಮತದ ಮಿತಿ ಇಡಬಹುದು, ಯಾರಿಗಾದರೂ ಶೇ 50 ದಾಟಿದರೆ ಎಲ್ಲವನ್ನೂ ಅವರಿಗೇ ಕೊಡಬಹುದು. ವಿನಾಯಿತಿ ಬಿಟ್ಟು ಈ ನಿಯಮವನ್ನೇ ನಾವಾಗಿ ತೆಗೆದುಕೊಳ್ಳೋಣ ಎಂಬುದು ನನ್ನ ಸಲಹೆ. 2016ಕ್ಕೆ ಹಚ್ಚಿ ನೋಡಿ. ಶೇ 20 ದಾಟಿದವರು ಮೂವರು, ಅವರ ಒಟ್ಟು 77.3. ರಾಜ್ಯದ ಪಾಲಿನ 29ನ್ನು ಅದೇ ಪ್ರಮಾಣದಲ್ಲಿ ಹಂಚಿದರೆ ಟ್ರಂಪ್‌ಗೆ 12, ಉಳಿದಿಬ್ಬರಿಗೆ ಎಂಟೊಂಬತ್ತರಂತೆ. ಕ್ಷೇತ್ರಗಳ 21 ಈಗಿನಂತೆಯೇ ಇದ್ದರೂ ಟ್ರಂಪ್‌ಗೆ ಒಟ್ಟು 33. ಗೆದ್ದವರು ಗೆದ್ದೇ ಇದ್ದಾರೆ, ಸೋತವರ ಮತ ಮಣ್ಣುಪಾಲಾಗಲಿಲ್ಲ. 2024ಕ್ಕೆ ಹಚ್ಚಿದರೆ ಏನೂ ಬದಲಾಗುವುದಿಲ್ಲ. ಟ್ರಂಪ್ ಶೇ 59.8, ಅರ್ಧ ದಾಟಿದ್ದಾರೆ. 29 ಪೂರ್ತಿ ಅವರದೇ, ಹೇಲಿಗೆ ಆಗ ಬಂದಂತೆ ಚಾರ್ಲ್ಸ್‌ಟನ್ ಕಡೆಯ ಒಂದನೇ ಕ್ಷೇತ್ರದ 3. ಬಹುಮತ ಇದ್ದವರಿಗೆ ಪೂರ್ತಿ, ಇಲ್ಲದವರಿಗೆ ಪಾಲು: ಇದರಲ್ಲಿ ಕನ್ಸರ್ವೇಟಿವ್ ಅಲ್ಲದ್ದೇನಿದೆ?

ರನ್‌ಆಫ್ ಯಾಕೆ ಬೇಡ ಎಂದು ಕೇಳಬಹುದು. ಗವರ್ನರ್, ಸೆನೆಟರ್ ಅಭ್ಯರ್ಥಿಯನ್ನು ಆರಿಸುವ ಜೂನ್ ಪ್ರೈಮರಿಯಲ್ಲಿ ಯಾರಿಗೂ ಅರ್ಧ ಬರದಿದ್ದರೆ ಎರಡು ವಾರದ ಬಳಿಕ ಮೊದಲಿಬ್ಬರ ನಡುವೆ ರನ್‌ಆಫ್ ಇದೆ. ಅಧ್ಯಕ್ಷೀಯ ಪ್ರೈಮರಿಗೆ ಇಲ್ಲ, ಇಡಲೂ ಆಗದು. 2016, 2024ರಲ್ಲಾದಂತೆ ಎರಡು ವಾರದೊಳಗೆ, ಹಲವು ರಾಜ್ಯಗಳು ಒಂದೇ ದಿನ ಮತ ಹಾಕುವ ಸೂಪರ್ ಟ್ಯೂಸ್‌ಡೇ ಬಂದು ಹೋಗಿರುತ್ತದೆ.

ಅಂಚೆ ಮತದ ಒಂದು ಸೂಕ್ಷ್ಮ ಇಲ್ಲೇ ಹೇಳಬೇಕು. ಹೊರದೇಶದಲ್ಲಿರುವ ಸೈನಿಕರಿಗೆ ಮತಪತ್ರ 45 ದಿನ ಮೊದಲೇ ಹೋಗುತ್ತದೆ. 2024ರ ಲೆಕ್ಕದಲ್ಲಿ ಅದು ಜನವರಿ 10. ಆ ಹೊತ್ತಿಗೆ ಡಿಸ್ಯಾಂಟಿಸ್, ವಿವೇಕ್ ರಾಮಸ್ವಾಮಿ ಇಬ್ಬರೂ ಕಣದಲ್ಲಿದ್ದರು. ರಾಮಸ್ವಾಮಿ 15ಕ್ಕೆ, ಡಿಸ್ಯಾಂಟಿಸ್ 21ಕ್ಕೆ ಹೊರಬಂದರು. ಹೆಸರು ಮತಪತ್ರದಲ್ಲಿ ಉಳಿಯಿತು. ಕೂಡಲೇ ಗುರುತು ಹಾಕಿ ಕಳಿಸಿದ ಸೈನಿಕನ ಮತ ಇಲ್ಲದವರಿಗೆ ಬಿತ್ತು. ಜೂನ್ ಪ್ರೈಮರಿಗೆ ಇದೇ ಸೈನಿಕರಿಗೆ ಒಂದನೇ ಆಯ್ಕೆ, ಎರಡನೇ ಆಯ್ಕೆ ಎಂದು ಬರೆಯುವ ಮತಪತ್ರವನ್ನು ರಾಜ್ಯ ಈಗಾಗಲೇ ಕಳಿಸುತ್ತದೆ, ರನ್‌ಆಫ್‌ಗೆ ಮತ್ತೊಂದು ಪತ್ರ ಕಳಿಸಲು ಸಮಯ ಸಾಲದೆಂದು. ಅಧ್ಯಕ್ಷೀಯ ಪ್ರೈಮರಿಗೂ ಅವರಿಗಷ್ಟೇ ಅದನ್ನು ಕೊಡಬೇಕು. ಎಲ್ಲರಿಗೂ ಆ ಪದ್ಧತಿ ತರುವುದು ನನಗೆ ಒಪ್ಪಿಗೆಯಿಲ್ಲ. ಸಮುದ್ರದಾಚೆ ಕಾವಲು ನಿಂತವನ ಮಾತು ಬೇರೆ.

ಅಭ್ಯರ್ಥಿಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 2024ರಲ್ಲಿ ಟ್ರಂಪ್ ಗೆದ್ದ ಕಾರಣ ಗುಟ್ಟೇನಲ್ಲ. ಸುಪ್ರೀಂ ಕೋರ್ಟಿಗೆ ಮೂವರು ನ್ಯಾಯಾಧೀಶರನ್ನು ನೇಮಿಸಿದ್ದರು, 2022ರ ಜೂನ್‌ನಲ್ಲಿ ಗರ್ಭಪಾತದ ವಿಷಯ ರಾಜ್ಯಗಳ ಕೈಗೆ ವಾಪಸ್ ಬಂತು, 2017ರ ತೆರಿಗೆ ಕಾನೂನು ಇತ್ತು, ಗಡಿಯ ಪ್ರಶ್ನೆ ಇತ್ತು. ಗವರ್ನರ್ ಮ್ಯಾಕ್‌ಮಾಸ್ಟರ್, ಸೆನೆಟರ್‌ಗಳಾದ ಗ್ರಹಾಂ, ಟಿಮ್ ಸ್ಕಾಟ್ ಎಲ್ಲರೂ ಅವರ ಜೊತೆ ನಿಂತರು. ಆದರೆ ಹೇಲಿ ಎತ್ತಿದ ಸಾಲದ ಪ್ರಶ್ನೆ ಸರಿಯಾಗಿತ್ತು. 2017ರ ಜನವರಿಯಲ್ಲಿ ಸುಮಾರು 20 ಲಕ್ಷ ಕೋಟಿ ಡಾಲರ್ ಇದ್ದ ದೇಶದ ಸಾಲ ನಾಲ್ಕು ವರ್ಷದಲ್ಲಿ 28 ಲಕ್ಷ ಕೋಟಿಯ ಹತ್ತಿರ ಬಂತು. ಕೋವಿಡ್ ಅದರಲ್ಲಿ ದೊಡ್ಡ ಪಾಲು ಎಂದು ಒಪ್ಪೋಣ. ಆದರೂ ಖರ್ಚು ಇಳಿಸುತ್ತೇವೆ ಎನ್ನುವ ಪಕ್ಷ ಅದಕ್ಕೆ ಉತ್ತರ ಕೊಡಬೇಕಿತ್ತು, ಕೇಳುವ ವೇದಿಕೆಯೇ ಇರಲಿಲ್ಲ. ಟ್ರಂಪ್ ಪಕ್ಷದ ಯಾವ ಚರ್ಚೆಗೂ ಬರಲಿಲ್ಲ. 2012ರಲ್ಲಿ ಮಿರ್ಟಲ್ ಬೀಚ್, ಚಾರ್ಲ್ಸ್‌ಟನ್ ಎರಡು ಚರ್ಚೆಗಳು ಒಂದೇ ವಾರದಲ್ಲಿ ಗಿಂಗ್ರಿಚ್ ಅವರನ್ನು ಮೇಲೆತ್ತಿದವು. 2016ರಲ್ಲೂ ರಾಜ್ಯದಲ್ಲಿ ಎರಡು ಚರ್ಚೆ ನಡೆದವು. ಮತಪತ್ರದಲ್ಲಿ ಹೆಸರು ಬೇಕೆನ್ನುವವರು ರಾಜ್ಯದೊಳಗೆ ಒಂದು ಚರ್ಚೆಗಾದರೂ ಬರಬೇಕೆಂದು ಪಕ್ಷ ಷರತ್ತು ಹಾಕಲಿ. ಶುಲ್ಕ ಕೇಳಲು ಬರುವ ಪಕ್ಷಕ್ಕೆ ಇದನ್ನು ಕೇಳಲೂ ಬರಬೇಕು.

ನನಗೆ ತೀರ ಬೇಸರ ತಂದದ್ದು 2020ರ ರದ್ದತಿ. 2019ರ ಸೆಪ್ಟೆಂಬರ್ 7ರಂದು ರಾಜ್ಯ ಪಕ್ಷದ ಕಾರ್ಯಕಾರಿ ಸಮಿತಿ ಪ್ರೈಮರಿ ಬೇಡವೆಂದು ತೀರ್ಮಾನಿಸಿತು. ಮರುದಿನವೇ ಕಣಕ್ಕಿಳಿದವರು ಇದೇ ರಾಜ್ಯದ ಮಾಜಿ ಗವರ್ನರ್ ಮಾರ್ಕ್ ಸ್ಯಾನ್‌ಫರ್ಡ್. 1984, 2004ರಲ್ಲೂ ನಡೆಸಿರಲಿಲ್ಲ, ತೆರಿಗೆದಾರರ ಹಣ ಉಳಿಯುತ್ತದೆ ಎಂದರು. ಆದರೆ 1992ರಲ್ಲಿ ಹಿರಿಯ ಬುಷ್ ಅಧ್ಯಕ್ಷರಾಗಿದ್ದಾಗಲೇ ಬುಕ್ಯಾನನ್ ವಿರುದ್ಧ ಪ್ರೈಮರಿ ನಡೆದಿತ್ತು, ಬುಷ್ ಮೂರನೇ ಎರಡು ಭಾಗದಷ್ಟು ಮತ ಪಡೆದು ಗೆದ್ದರು. ಪ್ರೈಮರಿ ಬಿಡಬೇಕಾದರೆ ರಾಜ್ಯ ಸಮಾವೇಶ ತೀರ್ಮಾನಿಸಬೇಕು ಎಂಬುದು ಪಕ್ಷದ ಸ್ವಂತ ನಿಯಮ ಎಂದು ಮಾಜಿ ಸಂಸದ ಬಾಬ್ ಇಂಗ್ಲಿಸ್ ನ್ಯಾಯಾಲಯಕ್ಕೆ ಹೋದರು, ಪ್ರೈಮರಿ ನಡೆಸುವ ಆದೇಶ ಸಿಗಲಿಲ್ಲ. ಟ್ರಂಪ್ ಹೇಗಿದ್ದರೂ ಗೆಲ್ಲುತ್ತಿದ್ದರು. ಅದಕ್ಕೇ ನಡೆಸಬೇಕಿತ್ತು. ಸಮಿತಿಯ ಕೆಲವರು ಕೂತು ಬಿ ಫಾರಂ ಬರೆದರೆ ಅದು ಹೈಕಮಾಂಡ್ ಅಲ್ಲದೆ ಇನ್ನೇನು?

ಕೊನೆಯದಾಗಿ ಇಲ್ಲಿ ಹೊಸದಾಗಿ ಪೌರತ್ವ ಪಡೆದ, ಪಡೆಯಲಿರುವ ಕನ್ನಡಿಗರಿಗೆ. ಗ್ರೀನ್‌ವಿಲ್, ಸ್ಪಾರ್ಟನ್‌ಬರ್ಗ್ ಕಾರು–ಟೈರು ಕಾರ್ಖಾನೆಗಳ ಊರುಗಳಿಗೆ ಭಾರತದಿಂದ ಬಂದ ಎಂಜಿನಿಯರುಗಳು ಕಡಿಮೆಯೇನಿಲ್ಲ. ಗ್ರೀನ್ ಕಾರ್ಡ್ ಇರುವವರು ಲೈಸೆನ್ಸ್ ಮಾಡಿಸುವಾಗ ‘ಮತದಾರರಾಗಿ ನೋಂದಾಯಿಸಬೇಕೇ?’ ಎಂಬ ಪ್ರಶ್ನೆಗೆ ಅಭ್ಯಾಸಬಲದಿಂದ ಹೌದು ಎನ್ನಬೇಡಿ. ಪೌರನೆಂದು ಸುಳ್ಳು ಹೇಳಿದಂತಾಗಿ ಗಡೀಪಾರಿನವರೆಗೆ ಹೋಗಬಹುದು. ಪೌರತ್ವದ ಅರ್ಜಿಯಲ್ಲೂ ಎಂದಾದರೂ ನೋಂದಾಯಿಸಿದ್ದೀರಾ, ಮತ ಹಾಕಿದ್ದೀರಾ ಎಂದು ಕೇಳುತ್ತಾರೆ. ಪ್ರಮಾಣವಚನ ಆದ ಮೇಲೆ ಹೆಸರು ಸರಿಮಾಡಿಸಿಕೊಳ್ಳಿ. ಊರು, ಅಪ್ಪನ ಹೆಸರು, ಇನಿಷಿಯಲ್ ಸೇರಿದ ನಮ್ಮ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ರೀತಿ ಇರುತ್ತದೆ. ಕೆಲವರಿಗೆ ವೀಸಾದ ಕಾಲದಿಂದ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ ಎಂಬುದರ ಇಂಗ್ಲಿಷ್ ಚುಟುಕು) ಎಂಬುದೇ ಮೊದಲ ಹೆಸರಾಗಿ ಅಂಟಿಕೊಂಡಿರುತ್ತದೆ. ಮೊದಲು ಸೋಷಿಯಲ್ ಸೆಕ್ಯುರಿಟಿ, ಆಮೇಲೆ ಲೈಸೆನ್ಸ್, ಆಮೇಲೆ ಮತದಾರರ ಪಟ್ಟಿ, ಇದೇ ಕ್ರಮದಲ್ಲಿ ಹೋಗಿ. ಚುನಾವಣೆಗೆ 30 ದಿನ ಮೊದಲು ಎಲ್ಲ ಮುಗಿದಿರಬೇಕು. ನವೆಂಬರ್ ಚುನಾವಣೆಯ ಹೊತ್ತಿಗೆ 18 ತುಂಬುವ ಮಕ್ಕಳು 17ರಲ್ಲೇ ಪ್ರೈಮರಿಯಲ್ಲಿ ಮತ ಹಾಕಬಹುದು, ಅವರನ್ನೂ ನೋಂದಾಯಿಸಿ. ತಂದೆತಾಯಿಗಳಿಗೆ 65 ಆಗಿದ್ದರೆ ಅಂಚೆ ಮತ ಸಿಗುತ್ತದೆ. ಲಕೋಟೆಯ ಮೇಲೆ ಸಾಕ್ಷಿಯ ಸಹಿ ಇಲ್ಲದಿದ್ದರೆ ಅದು ತಿರಸ್ಕೃತವಾಗುತ್ತದೆ, ಇದನ್ನು ನೀವೇ ನೋಡಿಕೊಳ್ಳಿ.

ಇನ್ನು ಡೆಲಿಗೇಟ್ ಎಂದರೆ ಅಂಕಿ ಮಾತ್ರವಲ್ಲ, ಸಮಾವೇಶಕ್ಕೆ ಹೋಗಿ ಕೂರುವ ಮನುಷ್ಯರು. ಅವರನ್ನು ಆರಿಸುವುದು ಫೆಬ್ರುವರಿಯ ಮತದಾರರಲ್ಲ, ಪಕ್ಷದ ಕ್ಷೇತ್ರ ಮತ್ತು ರಾಜ್ಯ ಸಮಾವೇಶಗಳು. ಆ ಸಮಾವೇಶಗಳಲ್ಲಿ ಕೂರುವವರು ಬರುವುದು ಕೌಂಟಿ ಸಮಾವೇಶದಿಂದ, ಕೌಂಟಿಗೆ ಬರುವವರು ಪ್ರಿಸಿಂಕ್ಟ್ ಸಭೆಯಿಂದ, ಅಂದರೆ ನಿಮ್ಮ ಮತಗಟ್ಟೆ ಮಟ್ಟದ ಸಭೆಯಿಂದ. ಆ ಸಭೆ ನಡೆಯುವುದು ಬೆಸ ಸಂಖ್ಯೆಯ ವರ್ಷದಲ್ಲಿ. 2028ರಲ್ಲಿ ಎರಡೂ ಪಕ್ಷದಲ್ಲಿ ಹೊಸ ಅಭ್ಯರ್ಥಿ ಬೇಕು, ಅದರ ಪ್ರಿಸಿಂಕ್ಟ್ ಸಭೆ 2027ರಲ್ಲಿ. ಹೆಚ್ಚಿನ ಕಡೆ ಬೆರಳೆಣಿಕೆಯ ಜನ ಬರುತ್ತಾರೆ, ಕುರ್ಚಿ ಖಾಲಿ ಇರುತ್ತವೆ. ಹೋಗುವಾಗ ಮತದಾರರ ಚೀಟಿ ತೆಗೆದುಕೊಂಡು ಹೋಗಿ, ಅದರಲ್ಲಿ ನಿಮ್ಮ ಪ್ರಿಸಿಂಕ್ಟಿನ ಹೆಸರು ಇರುತ್ತದೆ.